ಪೈಲಟ್ ಜಾಬ್ ಫೇರ್‌ಗೆ ಹೋದಾಗ ಏರ್‌ಲೈನ್ ಟೇಬಲ್ ಮುಂದೆ ಏನ್ ಮಾತಾಡ್ಬೇಕು, ಹೇಗ್ ಮಾತಾಡ್ಬೇಕು

ಮೊದ್ಲೇ ಒಂದು ವಿಷ್ಯ ಹೇಳ್ಬಿಡ್ತೀನಿ, ಜಾಬ್ ಫೇರ್‌ನಲ್ಲಿ ಯಾರೂ ನಿಮ್ಮ ಕೈಗೆ ಆಫರ್ ಲೆಟರ್ ಇಡಲ್ಲ. ಟೇಬಲ್ ಹಿಂದೆ ಕೂತಿರೋ ಕ್ಯಾಪ್ಟನ್‌ಗೆ ನಿಮ್ಮ ಜೊತೆ ಸಿಗೋದು ಹೆಚ್ಚಂದ್ರೆ ಎರಡು ಮೂರು ನಿಮಿಷ, ನಿಮ್ಮ ಹಿಂದೆ ಕ್ಯೂ ಹಾಲ್ ಬಾಗಿಲವರೆಗೂ ಇರತ್ತೆ, ಅವರು ಬೆಳಗ್ಗೆಯಿಂದ ಅದೇ ಇನ್ನೂರು ಗಂಟೆ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕಥೆ ಕೇಳಿ ಕೇಳಿ ಸುಸ್ತಾಗಿರ್ತಾರೆ. ಅಷ್ಟು ಹೊತ್ತಲ್ಲಿ ಅವರು ಅಳೆಯೋದು ಒಂದೇ, ಈ ಹುಡುಗ ಅಥವಾ ಹುಡುಗಿ ತಾನು ಹಾರಿಸಿರೋದ್ರ ಬಗ್ಗೆ ಇದ್ದದ್ದನ್ನ ಇದ್ದ ಹಾಗೆ ಹೇಳ್ತಾರಾ, ನಾಳೆ ಕಾಕ್‌ಪಿಟ್‌ನಲ್ಲಿ ಪಕ್ಕದಲ್ಲಿ ಕೂತಾಗ ಏನೋ ತಪ್ಪಾಗಿದೆ ಅಂತ ಗೊತ್ತಾದ್ರೆ ತಕ್ಷಣ ಬಾಯ್ಬಿಡ್ತಾರಾ ಇಲ್ಲ ನುಂಗ್ಕೊಂಡು ಸುಮ್ನಿರ್ತಾರಾ ಅಂತ. ನಾನು ಕೆಳಗೆ ಹೇಳೋದೆಲ್ಲ ಇದರ ಸುತ್ತಾನೇ ಸುತ್ತತ್ತೆ.

ನಾನು ಹೆಬ್ಬಾಳದ ಈಚೆ ಬೆಳೆದೋಳು, ಜಕ್ಕೂರು ಏರ್‌ಫೀಲ್ಡ್‌ನಿಂದ ಎದ್ದ ಸೆಸ್ನಾ ನಮ್ಮ ಮನೆ ಟೆರೇಸ್ ಮೇಲೆ ಹೋಗೋದನ್ನ ನೋಡ್ತಾ ನೋಡ್ತಾನೇ ಈ ಹುಚ್ಚು ಹಿಡಿದಿದ್ದು. ಬೇರೆ ರಾಜ್ಯದ ಒಂದು ಫ್ಲೈಯಿಂಗ್ ಸ್ಕೂಲ್‌ನಲ್ಲಿ ಸಿಪಿಎಲ್ ಮುಗಿಸಿ ವಾಪಸ್ ಬಂದ್ಮೇಲೆ ಹತ್ರತ್ರ ಎರಡು ವರ್ಷ ಕೆಲಸ ಇಲ್ದೆ ಮನೇಲಿ ಕೂತಿದ್ದೆ, ಈಗ ಏರ್‌ಬಸ್ ಎ320 ಮೇಲೆ ಫಸ್ಟ್ ಆಫೀಸರ್, ಅಂದ್ರೆ ಕೋ ಪೈಲಟ್. ಆಮೇಲೆ ಎರಡು ಸಲ ನಮ್ಮ ಕಂಪನಿ ಟೇಬಲ್ ಹಿಂದೆ ಸೀನಿಯರ್ ಕ್ಯಾಪ್ಟನ್ ಪಕ್ಕ ಕೂತ್ಕೊಂಡು ರೆಸ್ಯೂಮ್ ಇಸ್ಕೊಳೋ ಕೆಲಸಾನೂ ಮಾಡಿದೀನಿ, ಹಾಗಾಗಿ ಎರಡೂ ಕಡೆ ಹೇಗಿರತ್ತೆ ಅಂತ ಗೊತ್ತು. ಆ ಕಡೆ ಕೂತಾಗ ನಮ್ಮ ಕನ್ನಡದ ಮಕ್ಕಳು, ಅದರಲ್ಲೂ ಹಾಸನ ದಾವಣಗೆರೆ ಕಲಬುರಗಿ ಕಡೆಯಿಂದ ರಾತ್ರಿ ಬಸ್ಸಲ್ಲಿ ಬಂದೋರು, ಎಲ್ಲ ಗೊತ್ತಿದ್ರೂ ಟೇಬಲ್ ಮುಂದೆ ಬಂದು ಮುದುಡ್ಕೊಳೋದು ನೋಡಿ ತುಂಬಾ ಸಂಕಟ ಆಯ್ತು, ಅದಕ್ಕೇ ಬರೀತಿರೋದು.

ನನ್ನ ಮೊದಲನೇ ಫೇರ್‌ನಲ್ಲಿ ಆಗಿದ್ದು ಹೇಳ್ತೀನಿ. ಒಬ್ಬ ಕ್ಯಾಪ್ಟನ್ ನನ್ನ ಲಾಗ್‌ಬುಕ್ (ಹಾರಿಸಿದ ಗಂಟೆಗಳನ್ನೆಲ್ಲ ಬರೆದಿಡೋ ಪುಸ್ತಕ) ತೆಗೆದು ಹಾಗೇ ಪುಟ ತಿರುವ್ತಾ ಇದ್ರು, ನೈಟ್ ಕಾಲಮ್ ಕೆಳಗೆ ಅವರ ಬೆರಳು ನಿಂತ್ಬಿಡ್ತು. ಒಂದು ಪುಟದ ಕೊನೇಲಿ ಟೋಟಲ್ 11:20 ಇತ್ತು, ಮುಂದಿನ ಪುಟದ ಮೇಲೆ ಅದನ್ನೇ ನಾನು 12:20 ಅಂತ ಇಳಿಸ್ಕೊಂಡಿದ್ದೆ, ಇಳಿಸ್ಕೊಳೋವಾಗ ಆದ ತಪ್ಪು, ಅಲ್ಲಿಂದ ಮುಂದಕ್ಕೆ ಎಲ್ಲ ಪುಟದಲ್ಲೂ ಒಂದು ಗಂಟೆ ಜಾಸ್ತಿ. ನೈಟ್ ಎಷ್ಟು ಅಂತ ಕೇಳಿದ್ರು. ನಾನು ಪುಸ್ತಕದ ಕಡೆ ನೋಡ್ಲೇ ಇಲ್ಲ, ಬಾಯಿಪಾಠ ಮಾಡಿದ್ದ ನಂಬರ್ ಟಕ್ಕಂತ ಹೇಳ್ಬಿಟ್ಟೆ. ಅವರು ಎರಡೂ ಪುಟ ನನ್ನ ಕಡೆ ತಿರುಗಿಸಿ ತೋರಿಸಿ, ಪುಟ ನೋಡ್ದೇ ಯಾಕೆ ಉತ್ತರ ಕೊಟ್ರಿ ಅಂತ ಮಾತ್ರ ಕೇಳಿದ್ರು, ಬೈಲಿಲ್ಲ, ದನಿ ಏರಿಸ್ಲಿಲ್ಲ, ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ವಾಪಸ್ ಕೊಟ್ರು. ಅವತ್ತು ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ ನಿಂತಿದ್ದಾಗ ಕಿಟಕಿಗೆ ತಲೆ ಆನಿಸ್ಕೊಂಡು ಅತ್ತಿದ್ದೆ. ಈಗ ಯೋಚಿಸಿದ್ರೆ ಒಂದು ಗಂಟೆ ತಪ್ಪು ದೊಡ್ಡದಲ್ಲ, ಅದನ್ನ ತಿದ್ದಿ ಸಹಿ ಮಾಡಿಸ್ಬಹುದಿತ್ತು, ನೋಡ್ದೇ ಹೇಳಿದ್ದೇ ನನ್ನ ಹೊರಗೆ ಹಾಕಿದ್ದು.

ಅದಕ್ಕೆ ಫೇರ್‌ಗೆ ಒಂದು ವಾರ ಮುಂಚೆ ಮಾಡ್ಬೇಕಾದ ಮೊದಲ ಕೆಲಸ ಲಾಗ್‌ಬುಕ್ಕನ್ನ ಮೊದಲನೇ ಪುಟದಿಂದ ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂಡೋದು, ಮನೇಲಿ ಇನ್ನೊಬ್ಬರನ್ನ ಕೂರಿಸ್ಕೊಂಡು ಅವರು ಓದ್ಲಿ ನೀವು ಕೂಡಿ, ಆಮೇಲೆ ಅದು ಡಿಜಿಸಿಎ (ವಿಮಾನಯಾನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ) ನಡೆಸೋ ಇಜಿಸಿಎ ಪೋರ್ಟಲ್‌ನಲ್ಲಿರೋ ನಿಮ್ಮ ಎಂಟ್ರಿಗಳಿಗೆ ತಾಳೆ ಆಗತ್ತಾ ನೋಡಿ. ಪಿಐಸಿ (ವಿಮಾನದ ಹೊಣೆ ನಿಮ್ಮದೇ ಆಗಿದ್ದ ಗಂಟೆ), ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆ), ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ (ಹೊರಗೆ ನೋಡ್ದೇ ಮೀಟರ್ ನೋಡಿ ಹಾರಿಸಿದ್ದು), ನೈಟ್, ಕ್ರಾಸ್ ಕಂಟ್ರಿ (ಒಂದೂರಿಂದ ಇನ್ನೊಂದೂರಿಗೆ), ಇಷ್ಟೂ ಬೇರೆ ಬೇರೆ ಗೊತ್ತಿರ್ಬೇಕು, ಕೊನೇ ಸಲ ಹಾರಿಸಿದ್ದು ಯಾವ ತಾರೀಖು ಅಂತಾನೂ. ಸಿಪಿಎಲ್‌ಗೆ ಡಿಜಿಸಿಎ ಕೇಳೋದೇ ಒಟ್ಟು 200 ಗಂಟೆ, ಅದರಲ್ಲಿ 100 ಪಿಐಸಿ, ಹಾಗಾಗಿ ಕ್ಯೂನಲ್ಲಿರೋ ಎಲ್ಲರ ಟೋಟಲ್ಲೂ ಹೆಚ್ಚುಕಡಿಮೆ ಒಂದೇ, ಇನ್ನೂರೈದು ಇರೋರು ಇನ್ನೂರಿಪ್ಪತ್ತು ಅಂದ್ರೆ ಯಾರಿಗೂ ಏನೂ ಜಾಸ್ತಿ ಅನ್ಸಲ್ಲ, ಆದ್ರೆ ಸಿಕ್ಕಿಹಾಕ್ಕೊಂಡ್ರೆ ಎಲ್ಲ ಮುಗೀತು. 2011ರಲ್ಲಿ ನಮ್ಮ ದೇಶದಲ್ಲಿ ಖೋಟಾ ಮಾರ್ಕ್ಸ್ ಕಾರ್ಡ್ ಕೊಟ್ಟು ಲೈಸೆನ್ಸ್ ತಗೊಂಡಿದ್ದ ಪೈಲಟ್‌ಗಳು ಸಿಕ್ಕಿಬಿದ್ದು ಅರೆಸ್ಟ್ ಆದ್ರಲ್ಲ, ಆವಾಗಿಂದ ಪೆನ್ನಲ್ಲಿ ಹಾರಿಸಿದ, ಅಂದ್ರೆ ಹಾರಿಸ್ದೇ ಲಾಗ್‌ಬುಕ್‌ನಲ್ಲಿ ಬರೆದ ಗಂಟೆಗಳ ಬಗ್ಗೆ ಎಲ್ಲ ರಿಕ್ರೂಟರ್‌ಗಳಿಗೂ ಮೂಗು ತುಂಬಾ ಚುರುಕು.

ರೆಸ್ಯೂಮ್ ಒಂದೇ ಪುಟ ಸಾಕು. ಮೇಲ್ಗಡೆ ಹೆಸರು, ಫೋನ್, ಮೇಲ್, ಅದರ ಕೆಳಗೇ ಗಂಟೆಗಳ ಪುಟ್ಟ ಟೇಬಲ್, ಯಾವ್ಯಾವ ವಿಮಾನ ಅಂತ, ಆಮೇಲೆ ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ತಪಾಸಣೆ) ಯಾವಾಗಿನವರೆಗೆ ವ್ಯಾಲಿಡ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಯಾವಾಗಿನವರೆಗೆ, ಇಂಗ್ಲಿಷ್ ಪ್ರೊಫಿಷಿಯೆನ್ಸಿ ಲೆವೆಲ್ ಎಷ್ಟು, ಟೈಪ್ ರೇಟಿಂಗ್ (ಎ320 ಥರ ಒಂದು ನಿರ್ದಿಷ್ಟ ವಿಮಾನ ಹಾರಿಸೋ ಅರ್ಹತೆ) ಇದ್ಯಾ ಇಲ್ವಾ, ಪಿಯುಸಿ ಫಿಸಿಕ್ಸ್ ಮ್ಯಾಥ್ಸ್ ಮಾರ್ಕ್ಸ್. ಟೇಬಲ್ ಹಿಂದೆ ಕೂತಾಗ ನಮ್ಮ ಕಣ್ಣು ಹೋಗ್ತಿದ್ದಿದ್ದು ಇವಕ್ಕೆ ಮಾತ್ರ, ಹಾಬಿ ಕಾಲಮ್‌ನಲ್ಲಿ ಏನಿದೆ ಅಂತ ನಾನಂತೂ ಓದ್ಲಿಲ್ಲ. ಮೆಡಿಕಲ್ ಎಕ್ಸ್‌ಪೈರ್ ಆಗಿದ್ರೆ ಅಥವಾ ಇನ್ನೇನು ಹದಿನೈದು ದಿನ ಇದೆ ಅಂದ್ರೆ ಫೇರ್ ಬರೋದಕ್ಕೆ ಮುಂಚೆನೇ ಅದಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿರಿ, ಯಾಕಂದ್ರೆ ಹೈರಿಂಗ್ ಶುರುವಾದಾಗ ಪೇಪರ್ ಎಲ್ಲ ಕರೆಂಟ್ ಇರೋರನ್ನೇ ಮೊದಲು ಕರೆಯೋದು. ಇನ್ನೊಂದು, ನೀವು ಹಂಚೋ ಕಾಪಿ ಮೇಲೆ ಆಧಾರ್ ನಂಬರ್ ಪಾಸ್‌ಪೋರ್ಟ್ ನಂಬರ್ ಹಾಕ್ಬೇಡಿ, ಸಂಜೆ ಆ ಪೇಪರ್‌ಗಳು ಎಲ್ಲೆಲ್ಲಿ ಬಿದ್ದಿರ್ತಾವೆ ಅಂತ ನಾನೇ ನೋಡಿದೀನಿ. ಹದಿನೈದು ಕಾಪಿ ಝೆರಾಕ್ಸ್ ಮಾಡಿಸ್ಕೊಂಡು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿಟ್ಕೊಳ್ಳಿ, ಬೆಂಗಳೂರಲ್ಲಿ ಮಳೆ ಯಾವಾಗ ಬರತ್ತೆ ಅಂತ ಹೇಳಕ್ಕಾಗಲ್ಲ.

ಇನ್ನು ಯಾರ್ಯಾರು ಬರ್ತಿದಾರೆ ಅಂತ ತಿಳ್ಕೊಂಡು ಅವರ ಹತ್ರ ಯಾವ ವಿಮಾನ ಇದೆ ಅಂತ ಓದಿರಿ, ಇದು ಅರ್ಧ ಗಂಟೆ ಕೆಲಸ, ಆದ್ರೆ ಮುಕ್ಕಾಲುಪಾಲು ಜನ ಮಾಡಿರಲ್ಲ. ಆಕಾಸ ಏರ್ ಹಾರಿಸೋದು ಬೋಯಿಂಗ್ 737 ಮ್ಯಾಕ್ಸ್ ಮಾತ್ರ, ಅವರ ಹತ್ರ ಹೋಗಿ ನಂಗೆ ಏರ್‌ಬಸ್ ಅಂದ್ರೆ ಪ್ರಾಣ ಅಂದ್ರೆ ಹೇಗಾಗತ್ತೆ ಯೋಚಿಸಿ. ಇಂಡಿಗೋ ಹತ್ರ ಎ320 ಕುಟುಂಬದ ಜೊತೆ ಎಟಿಆರ್ 72 (ಪ್ರೊಪೆಲರ್ ಇರೋ ಚಿಕ್ಕ ವಿಮಾನ) ಕೂಡ ಇದೆ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹತ್ರ 737 ಇದೆ ಎ320 ಇದೆ, ಅಲಯನ್ಸ್ ಏರ್ ಅಂದ್ರೆ ಎಟಿಆರ್, ಸ್ಟಾರ್ ಏರ್ ಅಂದ್ರೆ ಎಂಬ್ರೇಯರ್. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನ ಅನೌನ್ಸ್ ಮಾಡ್ತು, ಅದೇ ವರ್ಷ ಜೂನ್‌ನಲ್ಲಿ ಇಂಡಿಗೋ ಒಂದೇ ಸಲ 500 ಏರ್‌ಬಸ್ ಆರ್ಡರ್ ಕೊಡ್ತು, ಇದನ್ನ ನೋಡಿ ನಮ್ಮ ಅಪ್ಪ ಅಮ್ಮಂದಿರೆಲ್ಲ ಕೆಲಸ ರೆಡಿ ಇದೆ ಅನ್ಕೊಂಡ್ಬಿಟ್ರು. ಆದ್ರೆ ಆರ್ಡರ್ ಕೊಟ್ಟ ವಿಮಾನ ಬರೋಕೆ ವರ್ಷಗಟ್ಲೆ ಬೇಕು, ಬಂದ್ಮೇಲೂ ಎಡಗಡೆ ಸೀಟ್‌ಗೆ ಕ್ಯಾಪ್ಟನ್ ಇಲ್ದೆ ಬಲಗಡೆ ಸೀಟ್‌ಗೆ ನಿಮ್ಮನ್ನ ಕೂರಿಸೋಕಾಗಲ್ಲ, ಟ್ರೈನಿಂಗ್ ಕೊಡೋ ಕ್ಯಾಪ್ಟನ್‌ಗಳೂ ಬೇಕು, ಅದಕ್ಕೇ ಫ್ರೆಶ್ ಸಿಪಿಎಲ್‌ನವರ ಕ್ಯೂ ಇಷ್ಟುದ್ದ. ಇದು ಗೊತ್ತಿದ್ರೆ ರಿಕ್ರೂಟರ್ ಮುಂದೆ ಎಷ್ಟೊಂದು ವಿಮಾನ ಬರ್ತಿದ್ಯಲ್ಲ ಯಾಕೆ ತಗೊಳಲ್ಲ ಅಂತ ಕೇಳಿ ಅವರ ಮುಖ ಕೆಡಿಸಲ್ಲ.

ಪರಿಚಯದ ಮಾತು. ನಾಲ್ಕೇ ವಾಕ್ಯ ಇರ್ಬೇಕು, ಹೆಸರು, ಎಲ್ಲಿ ಟ್ರೈನಿಂಗ್ ಆಯ್ತು, ಎಷ್ಟು ಗಂಟೆ ಅದರಲ್ಲಿ ಮಲ್ಟಿ ಎಷ್ಟು, ಈಗ ಏನು ಮಾಡ್ತಿದೀರ, ಅಷ್ಟೇ. ಇದನ್ನ ಮನೇಲಿ ಜೋರಾಗಿ ಹೇಳಿ ಪ್ರಾಕ್ಟೀಸ್ ಮಾಡಿ, ಮನಸ್ಸಲ್ಲಿ ಅಂದ್ಕೊಂಡ್ರೆ ಆಗಲ್ಲ. ನಾನು ನಮ್ಮಜ್ಜಿ ಮುಂದೆ ನಿಂತು ಹೇಳ್ತಿದ್ದೆ, ಅವರಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ, ಅವರೆಕಾಯಿ ಸುಲೀತಾ ಕೇಳಿಸ್ಕೊಂಡು, ಮಗಾ ಉಸಿರು ಎಲ್ಲಿ ತಗೋತೀಯ ಅಂದ್ರು. ಆ ಮಾತು ಬಂಗಾರ. ಭಯ ಆದಾಗ ನಾವೆಲ್ಲ ಓಡಿಸ್ಕೊಂಡು ಹೋಗ್ತೀವಿ, ಅರ್ಥ ಮಾಡ್ಕೊಳೋಕೆ ಆಗಲ್ಲ, ಆರ್‌ಟಿಯಲ್ಲಿ (ರೇಡಿಯೋದಲ್ಲಿ) ಟವರ್‌ಗೆ ಹೇಗೆ ನಿಧಾನಕ್ಕೆ ಬಿಡಿಸಿ ಹೇಳ್ತೀರೋ ಹಾಗೆ ಹೇಳಿ.

ಇಂಗ್ಲಿಷ್ ಬಗ್ಗೆ ಹೆದರ್ಕೋಬೇಡಿ ಅಂತ ನಾನು ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿರೋರು ತಿಳ್ಕೊಬೇಕಾದ್ದು ಏನಂದ್ರೆ ಪೈಲಟ್‌ಗೆ ಬೇಕಾಗಿರೋದು ಐಕಾವೋ (ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ) ಇಂಗ್ಲಿಷ್ ಲೆವೆಲ್ 4 ಅಥವಾ ಅದಕ್ಕಿಂತ ಮೇಲೆ, ಅದರಲ್ಲಿ ಉಚ್ಚಾರಣೆ ನಿಮ್ಮ ಊರಿನ ಥರ ಇದ್ರೂ ಪರ್ವಾಗಿಲ್ಲ, ಎದುರಿಗಿರೋರಿಗೆ ಅರ್ಥ ಆಗ್ಬೇಕು ಅಷ್ಟೇ. ಫ್ರಾನ್ಸ್‌ನವರು ಫ್ರಾನ್ಸ್ ಥರ ಮಾತಾಡ್ತಾರೆ, ಕೊರಿಯಾದವರು ಕೊರಿಯಾ ಥರ, ನಾವು ಬೆಂಗಳೂರು ಥರ ಮಾತಾಡಿದ್ರೆ ಏನಾಗತ್ತೆ. ಪ್ರಶ್ನೆ ಕೇಳಿಸ್ಲಿಲ್ಲ ಅಂದ್ರೆ, ಫೇರ್ ಹಾಲ್‌ನಲ್ಲಿ ಮೈಕ್ ಗಲಾಟೆ ಇದ್ದೇ ಇರತ್ತೆ, ದಯವಿಟ್ಟು ಇನ್ನೊಂದ್ಸಲ ಹೇಳಿ ಅಂತ ಕೇಳಿ. ಅರ್ಧಂಬರ್ಧ ಕೇಳಿಸ್ಕೊಂಡು ಏನೋ ಒಂದು ಉತ್ತರ ಕೊಡೋದಿದೆಯಲ್ಲ, ಅದು ಟವರ್ ಕೊಟ್ಟ ಕ್ಲಿಯರೆನ್ಸ್ (ಅನುಮತಿ) ಕೇಳಿಸ್ದೇ ರೀಡ್‌ಬ್ಯಾಕ್ ಕೊಟ್ಟ (ತಿರುಗಿ ಹೇಳಿದ) ಹಾಗೆ, ಕ್ಯಾಪ್ಟನ್‌ಗಳಿಗೆ ಅದು ಮೈ ಉರಿಯತ್ತೆ. ಟೇಬಲ್ ಆ ಕಡೆ ಕನ್ನಡದವರು ಅಂತ ಗೊತ್ತಾದ್ರೂ ನೀವೇ ಮೊದಲು ಕನ್ನಡಕ್ಕೆ ಇಳೀಬೇಡಿ, ಅವರು ಮಾತಾಡಿದ್ರೆ ಖಂಡಿತ ಮಾತಾಡಿ, ಪಕ್ಕದಲ್ಲಿರೋ ಎಚ್‌ಆರ್‌ನವರಿಗೆ ಅರ್ಥ ಆಗ್ದೇ ಇದ್ರೆ ನಿಮಗೇ ಲಾಸ್.

ಹೊರಡೋ ದಿನದ ಬಗ್ಗೆ ಜಾಸ್ತಿ ಹೇಳಲ್ಲ. ತುಮಕೂರು ರೋಡ್ ಎಕ್ಸಿಬಿಷನ್ ಸೆಂಟರ್‌ನಲ್ಲಿ ಇದ್ರೆ ಮಾದಾವರ ಸ್ಟೇಷನ್‌ವರೆಗೂ ಹಸಿರು ಮೆಟ್ರೋ ಇದೆ, ದೇವನಹಳ್ಳಿ ಕಡೆ ಹೋಟೆಲ್‌ನಲ್ಲಿ ಇದ್ರೆ ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ ಹಿಡೀರಿ, ಎರಡರಲ್ಲೂ ಒಂದು ಗಂಟೆ ಮುಂಚೆ ತಲುಪೋ ಹಾಗೆ ಹೊರಡಿ. ಬಟ್ಟೆ ಅಂದ್ರೆ ಇಸ್ತ್ರಿ ಮಾಡಿದ ತಿಳಿ ಬಣ್ಣದ ಶರ್ಟು, ಗಾಢ ಬಣ್ಣದ ಪ್ಯಾಂಟು, ಪಾಲಿಶ್ ಹಾಕಿದ ಶೂ, ಹೆಣ್ಮಕ್ಕಳು ಸೀರೆ ಅಥವಾ ಚೂಡಿದಾರ್ ಹಾಕಿದ್ರೂ ಚೆನ್ನಾಗೇ ಇರತ್ತೆ, ಹಾಕ್ಕೊಂಡು ಮೂರು ಗಂಟೆ ನಿಲ್ಲೋಕಾಗ್ಬೇಕು ಅಷ್ಟೇ. ಫ್ಲೈಯಿಂಗ್ ಸ್ಕೂಲ್ ಯೂನಿಫಾರ್ಮ್ ಹಾಕಿ ಭುಜದ ಮೇಲೆ ಪಟ್ಟಿ ಏರಿಸ್ಕೊಂಡು ಬರೋದು ನಂಗೆ ಇಷ್ಟ ಇಲ್ಲ, ಹಾಕ್ಕೊಂಡ್ ಬನ್ನಿ ಅಂತ ಅವರೇ ಹೇಳಿದ್ರೆ ಸರಿ.

ಒಳಗೆ ಹೋದ ತಕ್ಷಣ ಗೊತ್ತಾಗ್ಬೇಕಾದ ಒಂದು ವಿಷ್ಯ ಇದೆ, ಇದನ್ನ ನಂಗೆ ಯಾರೂ ಹೇಳಿರ್ಲಿಲ್ಲ. ಹಾಲ್‌ನಲ್ಲಿರೋ ಸ್ಟಾಲ್‌ಗಳೆಲ್ಲ ಕೆಲಸ ಕೊಡೋಕೆ ಬಂದಿರಲ್ಲ. ಅರ್ಧಕ್ಕರ್ಧ ಫ್ಲೈಯಿಂಗ್ ಸ್ಕೂಲ್‌ನವರು, ಟೈಪ್ ರೇಟಿಂಗ್ ಮಾರೋರು, ಲೋನ್ ಕೊಡೋ ಬ್ಯಾಂಕ್‌ನವರು, ಇಂಟರ್‌ವ್ಯೂ ಕೋಚಿಂಗ್‌ನವರು. ಅವರು ಏನೂ ತಪ್ಪು ಮಾಡ್ತಿಲ್ಲ, ಆದ್ರೆ ಅವರಿಗೆ ನೀವು ಗಿರಾಕಿ. ಹಾಗಾಗಿ ಟೇಬಲ್ ಮುಂದೆ ನಿಂತು ನೇರವಾಗಿ ಕೇಳಿ, ನೀವು ಈಗ ಪೈಲಟ್‌ಗಳನ್ನ ತಗೋತಿದೀರಾ ಇಲ್ಲ ಕೋರ್ಸ್ ಬಗ್ಗೆ ಹೇಳೋಕೆ ಬಂದಿದೀರಾ ಅಂತ. ಏರ್‌ಲೈನ್ ಹೆಸರಿನ ಸ್ಟಾಲೇ ಆಗಿದ್ರೂ ಅದು ಕೆಡೆಟ್ ಪ್ರೋಗ್ರಾಂ ಬಗ್ಗೆ ಮಾತ್ರ ಇರ್ಬಹುದು, ಅಂದ್ರೆ ಪಿಯುಸಿ ಮುಗಿಸಿದೋರಿಗೆ ದುಡ್ಡು ಕಟ್ಟಿಸ್ಕೊಂಡು ಸೊನ್ನೆಯಿಂದ ಕಲಿಸೋದು, ಸಿಪಿಎಲ್ ಇರೋ ನಿಮಗೆ ಅಲ್ಲಿ ಏನೂ ಇಲ್ಲ. ಕೆಲವರಿಗೆ ಟೈಪ್ ರೇಟಿಂಗ್ ಆಗಿರೋರೇ ಬೇಕು, ಕೆಲವರು ಬರೀ ಸಿಪಿಎಲ್ ಇದ್ರೂ ಪರೀಕ್ಷೆಗೆ ಕರೀತಾರೆ, ಇದನ್ನ ಮೊದಲೇ ಕೇಳ್ಕೊಂಡ್ರೆ ನಲ್ವತ್ತು ನಿಮಿಷದ ಕ್ಯೂ ಉಳಿಯತ್ತೆ.

ಕೆಲವರು ಹೇಳ್ತಾರೆ, ನಿಮಗೆ ಅಷ್ಟೇನೂ ಬೇಡದ ಚಿಕ್ಕ ಏರ್‌ಲೈನ್ ಹತ್ರ ಮೊದಲು ಹೋಗಿ ಬಾಯಿ ಪಳಗಿಸ್ಕೊಳ್ಳಿ, ಆಮೇಲೆ ದೊಡ್ಡೋರ ಹತ್ರ ಹೋಗಿ ಅಂತ. ನಾನು ಇದಕ್ಕೆ ಒಪ್ಪಲ್ಲ. ಚಿಕ್ಕ ಏರ್‌ಲೈನ್‌ನವರೇ ಎಷ್ಟೋ ಜನಕ್ಕೆ ಮೊದಲ ಕೆಲಸ ಕೊಟ್ಟಿರೋದು, ಎಟಿಆರ್ ಮೇಲೆ ಚಿಕ್ಕ ಚಿಕ್ಕ ಏರ್‌ಪೋರ್ಟ್‌ಗೆ ದಿನಕ್ಕೆ ನಾಲ್ಕು ಸೆಕ್ಟರ್ (ಟ್ರಿಪ್) ಹಾರಿಸಿದೋರ ಕೈ ಹೇಗೆ ಪಳಗಿರತ್ತೆ ಅಂತ ಅವರ ಜೊತೆ ಹಾರಿಸಿದೋರಿಗೆ ಗೊತ್ತು. ನಮ್ಮ ಬೆಂಗಳೂರಿಂದಾನೇ 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಎಟಿಆರ್ ಹಾರಿಸ್ಕೊಂಡೇ ಶುರುವಾಗಿದ್ದು, ಮರೀಬೇಡಿ. ಬಾಯಿ ಪಳಗಿಸ್ಕೊಳೋಕೆ ಟೈಪ್ ರೇಟಿಂಗ್ ಮಾರೋ ಸ್ಟಾಲ್ ಇದ್ಯಲ್ಲ, ಅಲ್ಲಿ ಹೋಗಿ ಮಾತಾಡಿ, ಅವರಿಗೆ ಮಾತಾಡೋದೇ ಕೆಲಸ.

ಕ್ಯೂನಲ್ಲಿ ನಿಂತಾಗ ಫೋನ್ ಒಳಗಿಡಿ. ಮುಂದಿರೋರ ಜೊತೆ ಹಿಂದಿರೋರ ಜೊತೆ ಮಾತಾಡಿ, ಅವರು ಇನ್ನೊಂದು ಟೇಬಲ್‌ನಲ್ಲಿ ಏನು ಕೇಳಿದ್ರು ಅಂತ ಹೇಳ್ತಾರೆ, ನೀವು ನಿಮಗೆ ಗೊತ್ತಿರೋದು ಹೇಳಿ. ನಾನು ಹೀಗೆ ಕ್ಯೂನಲ್ಲಿ ಸಿಕ್ಕ ಹುಡುಗಿ ಜೊತೆಗೇ ಆಮೇಲೆ ಒಂದೇ ಬ್ಯಾಚ್‌ನಲ್ಲಿ ಟೈಪ್ ರೇಟಿಂಗ್ ಮಾಡಿದ್ದು, ಹೈದರಾಬಾದ್‌ನೋಳು, ಈಗಲೂ ಹಬ್ಬಕ್ಕೆ ಮನೆಗೆ ಬರ್ತಾಳೆ. ಆದ್ರೆ ಟೇಬಲ್ ಮುಂದೆ ಇನ್ನೊಬ್ಬರು ಮಾತಾಡ್ತಿರೋವಾಗ ಅವರ ಭುಜದ ಮೇಲಿಂದ ಬಗ್ಗಿ ಕೇಳಿಸ್ಕೋಬೇಡಿ, ಎರಡು ಹೆಜ್ಜೆ ಹಿಂದೆ ನಿಲ್ಲಿ. ಅವರ ಮೆಡಿಕಲ್ ವಿಷ್ಯ, ಫೇಲಾದ ವಿಷ್ಯ ಎಲ್ಲ ಮಾತಾಡ್ತಿರ್ತಾರೆ.

ನಿಮ್ಮ ಸರದಿ ಬಂದಾಗ ನಗ್ತಾ ಗುಡ್ ಮಾರ್ನಿಂಗ್ ಕ್ಯಾಪ್ಟನ್ ಅನ್ನಿ, ಎಚ್‌ಆರ್ ಇದ್ರೆ ಅವರಿಗೂ ಹೇಳಿ, ಎಷ್ಟೋ ಜನ ಯೂನಿಫಾರ್ಮ್ ಹಾಕಿರೋರನ್ನ ಮಾತ್ರ ನೋಡ್ತಾರೆ, ಆದ್ರೆ ನಿಮ್ಮ ಹೆಸರಿನ ಮುಂದೆ ಟಿಕ್ ಹಾಕೋದು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡಿರೋ ಮೇಡಂ. ನಾಲ್ಕು ವಾಕ್ಯ ಹೇಳಿ ನಿಲ್ಲಿಸಿ. ಅವರು ಕೇಳ್ಲಿ. ಮೌನ ಆಯ್ತು ಅಂತ ಅದನ್ನ ತುಂಬಿಸೋಕೆ ಹೋಗಿ ಹೇಳಬಾರದ್ದೆಲ್ಲ ಹೇಳ್ಬೇಡಿ.

ಕೆಲವು ಕ್ಯಾಪ್ಟನ್‌ಗಳು ಹಾಗೇ ನಿಂತ ಜಾಗದಲ್ಲೇ ಒಂದು ಟೆಕ್ನಿಕಲ್ ಪ್ರಶ್ನೆ ಎಸೀತಾರೆ. ನಂಗೆ ಎರಡನೇ ಫೇರ್‌ನಲ್ಲಿ ಕೇಳಿದ್ದು, ಇವತ್ತು ಬರೋವಾಗ ಬೆಂಗಳೂರು ವೆದರ್ ನೋಡಿದ್ರಾ ಅಂತ. ಪುಣ್ಯಕ್ಕೆ ನಾನು ಬಸ್ಸಲ್ಲಿ ವಿಒಬಿಎಲ್ (ಬೆಂಗಳೂರು ಏರ್‌ಪೋರ್ಟ್ ಕೋಡ್) ಮೆಟಾರ್, ಅಂದ್ರೆ ಏರ್‌ಪೋರ್ಟ್ ಹವಾಮಾನ ವರದಿ, ಓದಿದ್ದೆ, ಗಾಳಿ ಎಷ್ಟು ಯಾವ ಕಡೆಯಿಂದ, ವಿಸಿಬಿಲಿಟಿ ಎಷ್ಟು, ಕ್ಯೂಎನ್‌ಎಚ್ (ಗಾಳಿಯ ಒತ್ತಡ) ಎಷ್ಟು ಅಂತ ಹೇಳಿದೆ. ಆಮೇಲೆ ಅದೇ ವಿಮಾನ ಅದೇ ತೂಕ, ಚೆನ್ನೈಗಿಂತ ಬೆಂಗಳೂರಲ್ಲಿ ಟೇಕಾಫ್‌ಗೆ ಜಾಸ್ತಿ ರನ್‌ವೇ ಯಾಕೆ ಬೇಕು ಅಂತ ಕೇಳಿದ್ರು. ಇದಕ್ಕೆ ನೀವು ಬಾಯಲ್ಲೇ ಲೆಕ್ಕ ಹಾಕಿ ತೋರಿಸ್ಬಹುದು. ನಮ್ಮ ದೇವನಹಳ್ಳಿ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ, ಸ್ಟಾಂಡರ್ಡ್ ಪ್ರಕಾರ ಸಾವಿರ ಅಡಿಗೆ ಹೆಚ್ಚುಕಡಿಮೆ 2 ಡಿಗ್ರಿ ಕಮ್ಮಿ ಆಗ್ತಾ ಹೋದ್ರೆ ಸಮುದ್ರ ಮಟ್ಟದ ಸ್ಟಾಂಡರ್ಡ್ 15 ಡಿಗ್ರಿಯಲ್ಲಿ 6 ಕಳೆದು 9 ಡಿಗ್ರಿ ಇರ್ಬೇಕಿತ್ತು, ಏಪ್ರಿಲ್ ಮಧ್ಯಾಹ್ನ 33 ಇದೆ ಅನ್ಕೊಳ್ಳಿ, ಅಂದ್ರೆ 24 ಡಿಗ್ರಿ ಜಾಸ್ತಿ, ಡಿಗ್ರಿಗೆ 120 ಅಡಿ ಲೆಕ್ಕದಲ್ಲಿ 2880 ಅಡಿ ಸೇರಿಸಿದ್ರೆ ಡೆನ್ಸಿಟಿ ಆಲ್ಟಿಟ್ಯೂಡ್ ಹತ್ರತ್ರ 5900 ಅಡಿ. ವಿಮಾನಕ್ಕೆ ತಾನು ಆರು ಸಾವಿರ ಅಡಿ ಮೇಲಿನ ತೆಳು ಗಾಳೀಲಿ ಓಡ್ತಿರೋ ಹಾಗೆ, ರೆಕ್ಕೆಗೂ ಎಂಜಿನ್‌ಗೂ ಸಿಗೋ ಗಾಳಿ ಕಮ್ಮಿ, ಜಾಸ್ತಿ ಓಡ್ಬೇಕು. ಜಕ್ಕೂರಲ್ಲಿ ಬೇಸಿಗೆ ಮಧ್ಯಾಹ್ನ ಸೆಸ್ನಾ 152 ಮರದ ಮೇಲೆ ಏರೋಕೆ ಎಷ್ಟು ಒದ್ದಾಡತ್ತೆ ಅಂತ ಚಿಕ್ಕವಯಸ್ಸಿಂದ ನೋಡಿದ್ದೆ, ಅದನ್ನೂ ಹೇಳ್ದೆ, ಅವರು ಪೆನ್ ಕೆಳಗಿಟ್ಟು ನಕ್ರು. ಡಿಸೆಂಬರ್ ಜನವರಿ ಫೇರ್ ಆದ್ರೆ ದೇವನಹಳ್ಳಿಯ ಮುಂಜಾನೆ ಮಂಜಿನ ಬಗ್ಗೆ ಓದ್ಕೊಂಡ್ ಹೋಗಿ, ರಾತ್ರಿ ನೆಲ ತಣ್ಣಗಾಗಿ ಗಾಳಿ ನಿಂತಾಗ ಅದು ಹೇಗೆ ಕಟ್ಟತ್ತೆ ಅಂತ. ಗೊತ್ತಿಲ್ದೇ ಇರೋದು ಕೇಳಿದ್ರೆ ಗೊತ್ತಿಲ್ಲ ಕ್ಯಾಪ್ಟನ್, ಇವತ್ತು ಸಂಜೆ ಓದ್ತೀನಿ ಅನ್ನಿ, ಆಮೇಲೆ ನಿಜವಾಗ್ಲೂ ಓದಿ, ಯಾಕಂದ್ರೆ ಮೇಲ್ ಬರೆಯೋವಾಗ ಅದು ಬೇಕು.

ಎಲ್ಲಕ್ಕಿಂತ ಜಾಸ್ತಿ ಮಕ್ಕಳು ಹೆದರೋದು ಫೇಲಾಗಿದ್ದರ ಬಗ್ಗೆ, ಗ್ಯಾಪ್ ಬಗ್ಗೆ. ಡಿಜಿಸಿಎ ಪೇಪರ್‌ನಲ್ಲಿ ಪಾಸಾಗೋಕೆ ನೂರಕ್ಕೆ 70 ಬೇಕು, ನ್ಯಾವಿಗೇಷನ್‌ನಲ್ಲಿ ಒಂದೆರಡು ಸಲ ಹೋಗಿರೋರು ಬೇಕಾದಷ್ಟು ಜನ ಇದಾರೆ. ನಾನು ಟೇಬಲ್ ಹಿಂದೆ ಕೂತಿದ್ದಾಗ ಒಬ್ಬ ಹುಡುಗ ಬಂದ, ಶಿವಮೊಗ್ಗ ಕಡೆಯೋನು, ಅಟೆಂಪ್ಟ್ ಎಷ್ಟು ಅಂತ ಕೇಳಿದ್ದಕ್ಕೆ, ನ್ಯಾವಿಗೇಷನ್ ಮೂರನೇ ಸಲಕ್ಕೆ ಆಯ್ತು, ಮೊದಲೆರಡು ಸಲ ಬರೀ ಕ್ವೆಶ್ಚನ್ ಬ್ಯಾಂಕ್ ಬಾಯಿಪಾಠ ಮಾಡಿದ್ದೆ, ಮೂರನೇ ಸಲ ಚಾರ್ಟ್ ಹರಡ್ಕೊಂಡು ದಿನಾ ಎರಡು ರೂಟ್ ಪ್ಲಾಟ್ ಮಾಡಿದೆ ಅಂದ, ದನಿ ನಡುಗ್ತಿತ್ತು ಆದ್ರೆ ಕಣ್ಣು ತಪ್ಪಿಸ್ಲಿಲ್ಲ. ನಮ್ಮ ಕ್ಯಾಪ್ಟನ್ ಅವನ ರೆಸ್ಯೂಮ್ ಬೇರೆ ಫೋಲ್ಡರ್‌ಗೆ ಹಾಕಿದ್ರು. ಅದಕ್ಕೆ ಹತ್ತು ನಿಮಿಷ ಮುಂಚೆ ಬಂದಿದ್ದೋನು ಎಲ್ಲ ಮೊದಲನೇ ಅಟೆಂಪ್ಟ್ ಅಂದಿದ್ದ, ಅವನ ಪೇಪರ್‌ಗಳ ತಾರೀಖೇ ಬೇರೆ ಕಥೆ ಹೇಳ್ತಿತ್ತು. ಎರಡು ವರ್ಷ ಗ್ಯಾಪ್ ಇದ್ಯಾ, ಆ ಎರಡು ವರ್ಷದಲ್ಲಿ ಏನು ಮಾಡಿದ್ರಿ ಹೇಳಿ, ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡಿದ್ರೂ ಹೇಳಿ, ಅಪ್ಪನ ಅಂಗಡೀಲಿ ಕೂತಿದ್ರೂ ಹೇಳಿ, ನಾನು ಟ್ಯೂಷನ್ ಹೇಳ್ಕೊಟ್ಟು ಇನ್‌ಸ್ಟ್ರುಮೆಂಟ್ ರೇಟಿಂಗ್ ರಿನ್ಯೂ ಮಾಡಿಸೋಕೆ ದುಡ್ಡು ಕೂಡಿಸಿದ್ದನ್ನ ಹಾಗೇ ಹೇಳಿದ್ದೆ.

ನೀವು ಏನು ಕೇಳ್ಬೇಕು ಅನ್ನೋದೂ ಮುಖ್ಯ. ವೆಬ್‌ಸೈಟ್‌ನಲ್ಲಿ ಇರೋದನ್ನ ಕೇಳ್ಬೇಡಿ. ಆ ಕ್ಯಾಪ್ಟನ್‌ಗೆ ಮಾತ್ರ ಗೊತ್ತಿರೋದನ್ನ ಕೇಳಿ, ಸಿಮ್ಯುಲೇಟರ್ ಚೆಕ್‌ನಲ್ಲಿ ನಮ್ಮಂಥೋರು ಎಲ್ಲಿ ಎಡವ್ತಾರೆ, ಲೈನ್ ಟ್ರೈನಿಂಗ್‌ನಲ್ಲಿ (ಪ್ರಯಾಣಿಕರಿರೋ ವಿಮಾನದಲ್ಲೇ ಆಗೋ ಟ್ರೈನಿಂಗ್) ಹೊಸಬರಿಗೆ ಯಾವುದು ಕಷ್ಟ ಆಗತ್ತೆ, ನಾನು ಮುಂದಿನ ಆರು ತಿಂಗಳಲ್ಲಿ ಏನು ಮಾಡಿದ್ರೆ ಒಳ್ಳೇದು ಅಂತ. ಈ ಕೊನೇ ಪ್ರಶ್ನೆಗೆ ಸಿಗೋ ಉತ್ತರ ಬರ್ಕೊಳ್ಳಿ, ಅವರ ಮುಂದೆನೇ ಬರ್ಕೊಳ್ಳಿ. ಸಂಬಳ, ರಜೆ, ಬೆಂಗಳೂರು ಬೇಸ್ ಸಿಗತ್ತಾ ಅನ್ನೋದು ಮೊದಲ ಮಾತಾಗೋದು ಬೇಡ. ಆದ್ರೆ ಬಾಂಡ್ ವಿಷ್ಯ ಕೇಳೋಕೆ ನಾಚ್ಕೋಬೇಡಿ, ಎಷ್ಟು ವರ್ಷ, ಎಷ್ಟು ದುಡ್ಡು, ಟೈಪ್ ರೇಟಿಂಗ್ ಖರ್ಚು ಯಾರದ್ದು, ಇದನ್ನ ಎಚ್‌ಆರ್ ಹತ್ರ ಕೇಳಿ, ಮನೆ ಅಡ ಇಟ್ಟು ಓದಿಸಿರೋ ಅಪ್ಪನ ಮಕ್ಕಳಿಗೆ ಅದನ್ನ ಕೇಳೋ ಹಕ್ಕಿದೆ. ಈಗಾಗ್ಲೇ ಬೇರೆ ಏರ್‌ಲೈನ್‌ನಲ್ಲಿ ಇದ್ದು ಬಂದಿರೋರು ನೋಟಿಸ್ ಪೀರಿಯಡ್ ತಾವೇ ಹೇಳ್ಬಿಡೋದು ಒಳ್ಳೇದು, 2017ರಲ್ಲಿ ಬಂದ ಡಿಜಿಸಿಎ ನಿಯಮದ ಪ್ರಕಾರ ಕಮಾಂಡರ್‌ಗೆ ಒಂದು ವರ್ಷ, ಕೋ ಪೈಲಟ್‌ಗೆ 6 ತಿಂಗಳು, ನಾಳೆನೇ ಸೇರ್ತೀನಿ ಅಂದ್ರೆ ನಂಬೋರು ಯಾರೂ ಇಲ್ಲ.

ಹೆಣ್ಮಕ್ಕಳಿಗೆ ಒಂದು ಮಾತು. ನಮ್ಮ ದೇಶದಲ್ಲಿ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು 15 ಜನ ಹೆಂಗಸರು, ಪ್ರಪಂಚದಲ್ಲೇ ಇದು ತುಂಬಾ ಮೇಲಿನ ಲೆಕ್ಕ, 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಬೆಂಗಳೂರಿಗೆ ಬರೀ ಹೆಂಗಸರೇ ಇದ್ದ ಕಾಕ್‌ಪಿಟ್ ಏರ್ ಇಂಡಿಯಾ ವಿಮಾನ ತಂದಿಳಿಸ್ತು. ಆದ್ರೂ ಒಂದು ಟೇಬಲ್‌ನಲ್ಲಿ ನಂಗೆ ಮದುವೆ ಯಾವಾಗ ಅಂತ ಕೇಳಿದ್ರು. ಕೋಪ ಬಂತು, ನುಂಗ್ಕೊಂಡೆ, ನನ್ನ ಮೆಡಿಕಲ್ ಲೈಸೆನ್ಸ್ ಎರಡೂ ಕರೆಂಟ್ ಇದೆ, ಯಾವ ಬೇಸ್ ಕೊಟ್ರೂ ಹೋಗ್ತೀನಿ ಅಂತ ಅಷ್ಟೇ ಹೇಳಿ ಮುಂದಿನ ಪ್ರಶ್ನೆಗೆ ಕಾದೆ. ನೀವೂ ಹಾಗೇ ಮಾಡಿ, ಅಲ್ಲಿ ಜಗಳಕ್ಕೆ ನಿಂತ್ರೆ ಮೂರು ನಿಮಿಷ ಅದಕ್ಕೇ ಹೋಗತ್ತೆ.

ಅಪ್ಪ ಅಮ್ಮ ಜೊತೆಗೆ ಬಂದಿದ್ರೆ ತಪ್ಪೇನಿಲ್ಲ, ನಮ್ಮಪ್ಪ ನನ್ನ ಫೈಲ್ ಎದೆಗೆ ಅವಚ್ಕೊಂಡು ಬಸ್ಸಲ್ಲಿ ನಿಂತೇ ಬಂದಿದ್ರು. ಆದ್ರೆ ಟೇಬಲ್ ಮುಂದೆ ನೀವೊಬ್ರೇ ಹೋಗಿ. ಸರ್ ನಮ್ಮ ಮಗನಿಗೆ ಹೇಗಾದ್ರೂ ಮಾಡಿ ಅಂತ ಅಪ್ಪ ಕೈ ಮುಗಿದು ನಿಂತಾಗ ಟೇಬಲ್ ಹಿಂದೆ ಇರೋರಿಗೆ ಗಂಟಲು ಕಟ್ಟತ್ತೆ, ಆದ್ರೆ ಮಗನ ಬಗ್ಗೆ ಅವರಿಗೆ ಏನೂ ಗೊತ್ತಾಗಲ್ಲ. ಅಪ್ಪಂಗೆ ಮುಂಚೆನೇ ಮೆಲ್ಲಗೆ ಹೇಳಿ, ಅವರು ಬ್ಯಾಂಕ್ ಸ್ಟಾಲ್‌ಗೆ ಹೋಗಿ ಬಡ್ಡಿ ಲೆಕ್ಕ ಕೇಳ್ಕೊಂಡು ಬರ್ಲಿ, ಆ ಕೆಲಸ ಅವರಿಗಿಂತ ಚೆನ್ನಾಗಿ ನಮಗೆ ಬರಲ್ಲ.

ಹೊರಗೆ ಕಾಫಿ ಕೌಂಟರ್ ಹತ್ರ ಒಬ್ಬ ಸಿಗ್ತಾನೆ, ಒಳಗಡೆ ನಂಗೆ ಗೊತ್ತು, ಇಷ್ಟು ಲಕ್ಷ ಕೊಟ್ರೆ ಸೀಟ್ ಗ್ಯಾರಂಟಿ ಅಂತ. ಅವನ ಜೊತೆ ಮಾತೂ ಬೇಡ ನಂಬರೂ ಬೇಡ. ಯಾರದ್ದೋ ಸ್ವಂತ ಅಕೌಂಟಿಗೆ ಯುಪಿಐ ಮಾಡಿ ಅಂದ್ರೆ ಅದು ಮೋಸ ಅಂತಲೇ ಲೆಕ್ಕ. ಇಂಟರ್‌ವ್ಯೂ ಕಾಲ್ ಲೆಟರ್ ಬಂದ್ರೂ ಮೇಲ್ ಐಡಿ ಕಂಪನೀದೇನಾ ಅಂತ ನೋಡಿ, ಅನುಮಾನ ಇದ್ರೆ ಕಂಪನಿ ವೆಬ್‌ಸೈಟ್‌ನಲ್ಲಿರೋ ನಂಬರ್‌ಗೆ ಫೋನ್ ಮಾಡಿ ಕೇಳಿ.

ಪ್ರತಿ ಟೇಬಲ್ ಬಿಟ್ಟ ಮೇಲೆ ಗೋಡೆ ಪಕ್ಕ ನಿಂತು, ಅವರು ಕೊಟ್ಟ ಕಾರ್ಡ್ ಹಿಂದೆ ಎರಡು ಸಾಲು ಗೀಚ್ಕೊಳ್ಳಿ, ಏನು ಕೇಳಿದ್ರು, ಏನು ಮಾಡು ಅಂದ್ರು, ಸಂಜೆ ಹೊತ್ತಿಗೆ ಎಲ್ಲ ಕಲಸುಮೇಲೋಗರ ಆಗಿರತ್ತೆ. ಅವತ್ತೇ ರಾತ್ರಿ ಮೊದಲು ಅವರ ಕರಿಯರ್ ಪೋರ್ಟಲ್‌ನಲ್ಲಿ ಅಪ್ಲೈ ಮಾಡಿ, ಫೇರ್‌ನಲ್ಲಿ ಪೇಪರ್ ಕೊಟ್ಟಿದ್ದೀನಲ್ಲ ಅಂತ ಇದನ್ನ ಬಿಡೋರೇ ಜಾಸ್ತಿ, ಸಿಸ್ಟಂನಲ್ಲಿ ಹೆಸರಿಲ್ದೇ ಇದ್ರೆ ಯಾರೂ ಕರೆಯೋಕಾಗಲ್ಲ. ಆಮೇಲೆ ಐದು ಸಾಲಿನ ಮೇಲ್, ಸಬ್ಜೆಕ್ಟ್‌ನಲ್ಲೇ ಹೆಸರು, ಗಂಟೆ, ಮೆಡಿಕಲ್ ಯಾವಾಗಿನವರೆಗೆ ಅಂತ ಹಾಕಿ, ಒಳಗೆ ಅವರು ಕೇಳಿದ ಪ್ರಶ್ನೆ ನೆನಪಿಸಿ, ಗೊತ್ತಿಲ್ಲ ಅಂದಿದ್ದಕ್ಕೆ ಈಗ ಓದಿದ ಉತ್ತರ ಎರಡು ಸಾಲಲ್ಲಿ ಬರೀರಿ. ಉತ್ತರ ಬರ್ಲಿಲ್ಲ ಅಂತ ವಾರ ವಾರ ತಟ್ಬೇಡಿ. ಆರು ತಿಂಗಳಿಗೊಮ್ಮೆ, ಹೊಸದೇನಾದ್ರೂ ಇದ್ರೆ, ರೇಟಿಂಗ್ ರಿನ್ಯೂ ಆಯ್ತು, ಇನ್‌ಸ್ಟ್ರಕ್ಟರ್ ರೇಟಿಂಗ್ ಶುರು ಮಾಡಿದೆ, ಇಷ್ಟು ಗಂಟೆ ಸೇರ್ತು ಅಂತ ಅದೇ ಮೇಲ್ ಕೆಳಗೇ ಬರೀರಿ.

ನಂಗೆ ಎರಡನೇ ಫೇರ್ ಆಗಿ ಎಂಟನೇ ತಿಂಗಳಿಗೆ ಪರೀಕ್ಷೆಗೆ ಕರೆ ಬಂತು, ನಾಲ್ಕು ದಿನ ಟೈಮ್ ಕೊಟ್ಟಿದ್ರು. ಪೇಪರ್ ಎಲ್ಲ ಒಂದೇ ಫೈಲ್‌ನಲ್ಲಿ ಬಾಗಿಲ ಪಕ್ಕದ ಬೀರುವಲ್ಲೇ ಇತ್ತು, ಅವತ್ತು ರಾತ್ರಿ ನಾನೂ ಅಪ್ಪನೂ ಹಾಲ್‌ನಲ್ಲಿ ಕೂತು ಲಾಗ್‌ಬುಕ್ ಮತ್ತೆ ಮೊದಲಿಂದ ಕೂಡಿದ್ವಿ, ಅವರು ಓದಿದ್ರು, ನಾನು ಕೂಡ್ದೆ, ಎರಡು ಸಲಾನೂ ಒಂದೇ ಬಂತು.